ತಪ್ಪನ್ನು ಓದುವ ವಿದ್ಯೆ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿಯೂ, ಹೊಸೂರಿನ ಬಸ್ಸು ನಿಲ್ದಾಣದಲ್ಲಿಯೋ ಡೆಂಕಣಿಕೋಟೆಯ ಸಂತೆಯಲ್ಲಿಯೋ ಗುರುತು ಹಿಡಿದು ಮಾತನಾಡಿಸುವ ಓದುಗರ ಬಾಯಲ್ಲಿಯೂ ಕೆಲವು ಕಾಲದಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಕೇಳಿಬರುತ್ತಿದೆ. ತಂದೆತಾಯಿಗಳು ಕೇಳುವಾಗ ಅದು, "ಹುಡುಗನನ್ನು ಕಂಪ್ಯೂಟರ್ ಓದಿಗೆ ಸೇರಿಸಿಬಿಟ್ಟಿದ್ದೀವಿ ಸ್ವಾಮಿ, ಅವನ ತಲೆಗೆ ಅದು ಹತ್ತುತ್ತದಾ?" ಎಂದಿರುತ್ತದೆ, ಹುಡುಗರೇ ಕೇಳುವಾಗ, "ಐ.ಟಿ. ಓದಬೇಕಾದರೆ ಬೇರೆಯೇ ಮೈಂಡ್‌ಸೆಟ್ ಬೇಕಂತಲ್ಲ ಸಾರ್, ಅದನ್ನು ಬೆಳೆಸಿಕೊಳ್ಳುವುದು ಹೇಗೆ?" ಎಂದಾಗುತ್ತದೆ. ಎರಡರ ಹಿಂದೆಯೂ ಇರುವ ಭಯ ಒಂದೇ. ಈ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಒಲಿದದ್ದು, ಉಳಿದವರು ಎಷ್ಟು ತಿಣುಕಿದರೂ ಅವರಿಗೆ ದಕ್ಕತಕ್ಕುದಲ್ಲ ಎಂಬುದೇ ಆ ಭಯ. ಅದರ ವಿಷಯವಾಗಿ ನನಗೆ ತೋರಿದುದನ್ನು ಇಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಈ ಪ್ರಶ್ನೆ ತಮಿಳುನಾಡಿನ ನಮ್ಮ ಗಡಿಸೀಮೆಯಲ್ಲಿ ಇಷ್ಟು ತೀವ್ರವಾಗಿ ಕೇಳಿಬರುವುದಕ್ಕೆ ಕಾರಣವುಂಟು. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಹೊಸೂರಿನ ಶಾಲೆಯಲ್ಲಿ ಓದಿ ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ನಡೆದಂದಿನಿಂದಲೂ ನಮ್ಮವರ ವಿದ್ಯೆಯ ದಾರಿ ಸುಮಾರು 40 ಕಿಲೋಮೀಟರು ದೂರದ ಆ ಊರಿನ ಕಡೆಗೇ ಹರಿದಿದೆ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದಿತು. ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟನ್ ಮೊದಲಾದ ಕಾರ್ಖಾನೆಗಳು ನೆಲೆಯೂರಿದವು. ಅತ್ತಿಬೆಲೆಯ ಆಚೆ, ಆರ್.ಕೆ. ಬಾಳಿಗರ ಕನಸಾಗಿ ಕಿಯೋನಿಕ್ಸ್ ಸಂಸ್ಥೆಯವರು ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು. ಹೊಸೂರಿನಲ್ಲಿ ಅಧಿಯಮಾನ್ ಎಂಜಿನಿಯರಿಂಗ್ ಕಾಲೇಜು, 1994ರಲ್ಲಿ ಬರಗೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಇನ್ನೂ ಹಲವು ಬಂದವು. ಮನೆಯಲ್ಲಿ ಮೊದಲನೆಯ ಪದವೀಧರನಾಗುವವನಿಗೆ ತಮಿಳುನಾಡು ಸರ್ಕಾರ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ; ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2021ರಿಂದ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡಾ 7.5ರ ಮೀಸಲಾತಿಯುಂಟು; ಸರ್ಕಾರಿ ಶಾಲೆಯಿಂದ ಬಂದ ಹೆಣ್ಣುಮಕ್ಕಳಿಗೆ 2022ರಿಂದ ತಿಂಗಳಿಗೆ 1,000 ರೂಪಾಯಿ ದೊರೆಯುತ್ತದೆ. ಹೀಗೆ ತಳಿ, ಅಂಚೆಟ್ಟಿ, ಬಾಗಲೂರು, ರಾಯಕೋಟೆಗಳ ರಾಗಿಯ ಹೊಲಗಳಿಂದಲೂ ಗುಲಾಬಿಯ ತೋಟಗಳಿಂದಲೂ ಬಂದ ಮಕ್ಕಳು, ಮನೆಯಲ್ಲಿ ಹಿಂದೆ ಯಾರೂ ಮುಟ್ಟದ ಯಂತ್ರದ ಮುಂದೆ ಬಂದು ಕುಳಿತಿದ್ದಾರೆ. ಬಾಗಿಲು ತೆರೆದಿದೆ, ಆದರೆ ಒಳಗೆ ಬಂದವನಿಗೆ, ತಾನು ಇಲ್ಲಿ ಕುಳಿತುಕೊಳ್ಳಲು ತಕ್ಕವನೇ ಎಂಬ ಸಂಶಯವು ಬಾಗಿಲಿನ ಹೊರಗೆ ಉಳಿಯದೆ ಅವನೊಂದಿಗೇ ಒಳಗೆ ಬಂದುಬಿಟ್ಟಿದೆ.

ಆ ಸಂಶಯಕ್ಕೆ ಈ ವಿದ್ಯೆಯಷ್ಟು ಆಹಾರವನ್ನು ಒದಗಿಸುವ ವಿದ್ಯೆ ಬೇರೊಂದಿರಲಾರದು. ಚರಿತ್ರೆಯನ್ನು ಓದುವವನು ತಪ್ಪು ತಿಳಿದುಕೊಂಡರೆ ಅದು ಪರೀಕ್ಷೆಯ ಉತ್ತರಪತ್ರಿಕೆಯವರೆಗೆ ಅವನ ಮನಸ್ಸಿನಲ್ಲೇ ನೆಮ್ಮದಿಯಾಗಿ ಮಲಗಿರುತ್ತದೆ. ಗಣಕಕ್ಕೆ ಆದೇಶಗಳನ್ನು ಬರೆಯುವವನ ಪಾಡು ಹಾಗಲ್ಲ. ಒಂದು ಅಲ್ಪವಿರಾಮ ತಪ್ಪಿದರೆ, ಒಂದು ಸಾಲು ಇರಬೇಕಾದ ಅಂಚಿಗಿಂತ ಸ್ವಲ್ಪ ಒಳಕ್ಕೆ ಸರಿದರೆ, ಒಂದು ಹೆಸರಿನ ಒಂದು ಅಕ್ಷರ ಮೇಲಿನ ಸಾಲಿನಲ್ಲಿ ಒಂದು ತೆರನಾಗಿಯೂ ಕೆಳಗಿನ ಸಾಲಿನಲ್ಲಿ ಇನ್ನೊಂದು ತೆರನಾಗಿಯೂ ಬಿದ್ದರೆ, ಆ ಕ್ಷಣದಲ್ಲಿಯೇ, ಪಕ್ಕದಲ್ಲಿ ಕುಳಿತವರಿಗೂ ಕಾಣುವಂತೆ, ಕೆಂಪು ಅಕ್ಷರಗಳಲ್ಲಿ ತಪ್ಪು ತಪ್ಪೆಂದು ಪರದೆಯ ಮೇಲೆ ಸಾರಲ್ಪಡುತ್ತದೆ. ಒಂದು ಮಧ್ಯಾಹ್ನದ ಪ್ರಯೋಗದ ಅವಧಿಯಲ್ಲಿ ಹೀಗೆ ಎಷ್ಟೋ ಸಲ ಸಾರಿಸಿಕೊಳ್ಳದ ವಿದ್ಯಾರ್ಥಿಯಿಲ್ಲ, ಉಪಾಧ್ಯಾಯನೂ ಇಲ್ಲ. ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ, ತಾವೇ ಮುಂದೆ ನಿಂತು ಕಟ್ಟಿಸಿದ ಎಡ್‌ಸ್ಯಾಕ್ ಎಂಬ ಗಣಕ 1949ರಲ್ಲಿ ನಡೆಯತೊಡಗಿದ ಕೆಲವೇ ವಾರಗಳಲ್ಲಿ, ತಮ್ಮ ಉಳಿದ ಆಯುಷ್ಯದ ಒಂದು ದೊಡ್ಡ ಭಾಗ ತಮ್ಮದೇ ಬರೆವಣಿಗೆಯ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆಯೆಂಬ ಅರಿವು ಮೆಟ್ಟಿಲು ಹತ್ತುವಾಗ ತಮಗೆ ಹಠಾತ್ತನೆ ಮೂಡಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಯಂತ್ರವನ್ನು ನಿರ್ಮಿಸಿದವರಿಗೆ ಹೀಗಾದರೆ, ಶೂಲಗಿರಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗನಿಗೆ ಆಗುವುದರಲ್ಲಿ ಆಶ್ಚರ್ಯವೇನು?

ಆದರೆ ವಿಲ್ಕ್ಸರಿಗೆ ಅದು ಕೆಲಸದ ಸ್ವಭಾವವಾಗಿ ಕಂಡಿತು; ನಮ್ಮ ಹುಡುಗನಿಗೆ ಅದು ತನ್ನ ಸ್ವಭಾವದ ಮೇಲಿನ ತೀರ್ಪಾಗಿ ಕಾಣುತ್ತದೆ. ಐ.ಟಿ. ಓದುವವರ ಮನೋಭಾವವೆಂದು ಯಾವುದಾದರೂ ಇದ್ದರೆ ಅದರ ಸಾರವೆಲ್ಲ ಈ ಒಂದು ವ್ಯತ್ಯಾಸದಲ್ಲಿಯೇ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಪರದೆಯ ಮೇಲೆ ಬಂದ ಕೆಂಪು ಸಾಲು ಬರೆದ ಆದೇಶದ ವಿಷಯವಾಗಿ ಆಡಿದ ಮಾತು. ಬರೆದವನ ವಿಷಯವಾಗಿ ಅದು ಏನನ್ನೂ ಹೇಳುವುದಿಲ್ಲ, ಹೇಳಲು ಅದಕ್ಕೆ ಏನೂ ಗೊತ್ತಿಲ್ಲ.

ಈ ವ್ಯತ್ಯಾಸವನ್ನು ನಮ್ಮ ಶಿಕ್ಷಣಕ್ರಮವು ಕಲಿಸುವುದಕ್ಕಿಂತ ಮರೆಸುವುದೇ ಹೆಚ್ಚು. ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ ಪಾಲಿಟೆಕ್ನಿಕ್ಕಿನಲ್ಲಾಗಲಿ ಓದಿದವರೆಲ್ಲರಿಗೂ ರೆಕಾರ್ಡ್ ನೋಟು ಪರಿಚಿತವಾದುದೇ. ಬಲಗಡೆಯ ಗೆರೆಯುಳ್ಳ ಪುಟದಲ್ಲಿ ಪ್ರಯೋಗದ ಉದ್ದೇಶ, ಕ್ರಮ, ಆದೇಶಗಳ ಪಾಠ; ಎಡಗಡೆಯ ಬಿಳಿಯ ಪುಟದಲ್ಲಿ ದೊರೆತ ಫಲಿತಾಂಶ; ಕೊನೆಯಲ್ಲಿ, ಪ್ರಯೋಗವು ಯಶಸ್ವಿಯಾಗಿ ನೆರವೇರಿತೆಂಬ ಒಂದು ವಾಕ್ಯ; ಅದರ ಕೆಳಗೆ ಉಪನ್ಯಾಸಕರ ಸಹಿ. ಇಡೀ ವರ್ಷದ ರೆಕಾರ್ಡನ್ನು ತಿರುವಿ ಹಾಕಿದರೂ ಅದರಲ್ಲಿ ಒಂದು ತಪ್ಪಿನ ಸುಳಿವೂ ಸಿಕ್ಕದು. ಅಲ್ಲಿ ಎಲ್ಲ ಪ್ರಯೋಗಗಳೂ ಮೊದಲ ಸಲಕ್ಕೇ ಫಲಿಸಿವೆ. ಪ್ರಯೋಗಶಾಲೆಯಲ್ಲಿ ನಿಜವಾಗಿ ನಡೆದ ಎರಡು ಗಂಟೆಗಳ ತಡಕಾಟ, ಸ್ನೇಹಿತನನ್ನು ಕೇಳಿದ್ದು, ಮೂರು ಸಾಲು ಅಳಿಸಿ ಎರಡು ಸಾಲು ಬರೆದದ್ದು, ಕಡೆಗೆ ಒಂದು ಆವರಣಚಿಹ್ನೆಯನ್ನು ಮುಚ್ಚಿರಲಿಲ್ಲವೆಂದು ಕಂಡುಕೊಂಡದ್ದು, ಇವೊಂದೂ ಅದರಲ್ಲಿ ಉಳಿಯುವುದಿಲ್ಲ. ಇದು ಯಾವುದೋ ಒಂದು ಕಾಲೇಜಿನ ದೋಷವಲ್ಲ. ದೇಶದ ಉದ್ದಗಲಕ್ಕೂ ಬೇರೂರಿರುವ ಪದ್ಧತಿ. ಇದರ ಪರಿಣಾಮವಾಗಿ, ಹಿಂದಿನ ವರ್ಷದ ಅಣ್ಣನ ರೆಕಾರ್ಡನ್ನು ಎರವಲು ತಂದು ನೋಡಿದ ಹುಡುಗಿಗೆ, ಎಲ್ಲರಿಗೂ ಎಲ್ಲವೂ ಸಲೀಸಾಗಿ ಬಂದಿದೆ, ನನಗೊಬ್ಬಳಿಗೇ ಬರುತ್ತಿಲ್ಲ ಎಂಬ ಭ್ರಾಂತಿ ಹುಟ್ಟುತ್ತದೆ.

ಈ ವಿದ್ಯೆಯ ಆದಿಪುರುಷರೂ ಆದಿಸ್ತ್ರೀಯರೂ ಇಟ್ಟ ದಾಖಲೆ ಇಂಥದಾಗಿರಲಿಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ಮಾರ್ಕ್ 2 ಎಂಬ ಗಣಕ ಕೆಲಸಮಾಡುತ್ತಿದ್ದಾಗ, 1947ರ ಸೆಪ್ಟೆಂಬರ್ 9ರಂದು, ಅದರ ಒಂದು ರಿಲೇ ಕೆಟ್ಟು ನಿಂತ ಕಾರಣವನ್ನು ಹುಡುಕಿದವರಿಗೆ ಒಳಗೆ ಸಿಕ್ಕಿಕೊಂಡಿದ್ದ ಒಂದು ಪತಂಗ ದೊರೆಯಿತು. ಅವರು ಅದನ್ನು ಎಸೆಯಲಿಲ್ಲ. ದಿನಚರಿಯ ಪುಟದಲ್ಲಿ ಅಂಟುಪಟ್ಟಿಯಿಂದ ಅಂಟಿಸಿ, ಸಮಯವನ್ನು ಗುರುತು ಹಾಕಿ, ಪಕ್ಕದಲ್ಲಿ ವಿವರವನ್ನು ಬರೆದಿಟ್ಟರು. ಆ ಗಣಕದಲ್ಲಿ ದುಡಿದವರಲ್ಲಿ ಒಬ್ಬರಾದ ಗ್ರೇಸ್ ಹಾಪರ್ ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿ ಜಗತ್ತಿಗೆ ಪರಿಚಯ ಮಾಡಿಸಿದರು. ಆ ಪುಟ ಪತಂಗಸಹಿತವಾಗಿ ಇಂದಿಗೂ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ. ಆ ದಿನ ಗಣಕ ಎಷ್ಟು ಲೆಕ್ಕಗಳನ್ನು ಸರಿಯಾಗಿ ಮಾಡಿತೋ ಯಾರಿಗೂ ನೆನಪಿಲ್ಲ.

ತಪ್ಪನ್ನು ಓದುವುದೆಂದರೇನು ಎಂಬುದನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ರಾಯಕೋಟೆಯ ಕಡೆಯ ಒಬ್ಬ ಹುಡುಗಿ. ಅವಳ ಮನೆಯವರು ಟೊಮೆಟೊ ಬೆಳೆದು ಅಲ್ಲಿನ ಮಾರುಕಟ್ಟೆಗೆ ಹಾಕುವವರು. ತಮಿಳುನಾಡಿನ ಪ್ಲಸ್ ಟು ಪಠ್ಯದಲ್ಲಿಯೇ ಪೈಥಾನ್ ಭಾಷೆಯ ಪರಿಚಯವಿರುವುದರಿಂದ ಅವಳು ಅದನ್ನು ಅಷ್ಟಿಷ್ಟು ಬಲ್ಲವಳು. ಮೊದಲನೆಯ ವರ್ಷದ ರಜೆಯಲ್ಲಿ, ಪಠ್ಯದ ಲೆಕ್ಕಗಳ ಬದಲು ಮನೆಯ ಲೆಕ್ಕವನ್ನೇ ಮಾಡಿನೋಡೆಂದು ನಾನು ಹೇಳಿದುದನ್ನು ಕೇಳಿ, ಎರಡು ಬಾಕ್ಸಿನ ಬೆಲೆಯನ್ನು ಕೇಳಿ ಕೂಡಿ ಹೇಳುವ ಒಂದು ಸಣ್ಣ ಪ್ರೋಗ್ರಾಮನ್ನು ಬರೆದಳು. ಒಂದಕ್ಕೆ 180 ರೂಪಾಯಿ ಎಂದು ಕೊಟ್ಟಳು, ಇನ್ನೊಂದಕ್ಕೆ 220 ಎಂದು ಕೊಟ್ಟಳು. ಯಂತ್ರ ಕೆಂಪು ಅಕ್ಷರವನ್ನೇನೂ ತೋರಿಸಲಿಲ್ಲ. ಗಂಭೀರವಾಗಿ 180220 ಎಂದು ಉತ್ತರ ಕೊಟ್ಟಿತು.

"ನನಗೆ ಇದು ಬರೋದಿಲ್ಲ ಸಾರ್, ಕೂಡೋ ಲೆಕ್ಕವೇ ತಪ್ಪಿತು" ಎಂದಳು. ನಾನು, "ಕೂಡುವ ಲೆಕ್ಕ ನಿನಗೆ ಬರುತ್ತದಮ್ಮ, 400 ಎಂದು ನಿನಗೆ ಗೊತ್ತಿರುವುದರಿಂದಲೇ ಇದು ತಪ್ಪೆಂದು ತಿಳಿಯಿತು. ಈಗ ಬರುತ್ತದೋ ಬರುವುದಿಲ್ಲವೋ ಎಂಬ ಮಾತು ಬಿಡು, 180220 ಎಂಬ ಉತ್ತರ ಹೇಗೆ ಬಂದಿರಬಹುದು, ಅದನ್ನು ಹೇಳು" ಎಂದೆ. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ, "ಪಕ್ಕಪಕ್ಕದಲ್ಲಿ ಅಂಟಿಸಿದ ಹಾಗಿದೆ" ಎಂದಳು. ನಡೆದಿದ್ದದ್ದು ಅದೇ. ಕೀಲಿಮಣೆಯಿಂದ ಬಂದುದೆಲ್ಲವನ್ನೂ ಪೈಥಾನ್ ಮೊದಲು ಬರಹವೆಂದೇ ಸ್ವೀಕರಿಸುತ್ತದೆ. ಬರಹ ಬರಹಗಳ ನಡುವೆ ಕೂಡುವ ಚಿಹ್ನೆ ಬಂದರೆ ಅದು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತದೆ. ಇದು ಸಂಖ್ಯೆಯೆಂದು ನಾವು 'ಇಂಟ್' ಎಂಬ ಆದೇಶದಿಂದ ತಿಳಿಸಿದರೆ ಮಾತ್ರ ಕೂಡುತ್ತದೆ. ಯಂತ್ರ ತಪ್ಪು ಮಾಡಿರಲಿಲ್ಲ, ಹೇಳಿದುದನ್ನು ಅಕ್ಷರಶಃ ಮಾಡಿತ್ತು. ಹುಡುಗಿ ದಡ್ಡಳಾಗಿರಲಿಲ್ಲ, ತಾನು ಹೇಳಿದ್ದೇನು ಎಂಬುದನ್ನು ಅವಳು ಇನ್ನೂ ಯಂತ್ರದ ಕಡೆಯಿಂದ ನೋಡಿರಲಿಲ್ಲ.

ಆ ಒಂದು ಶಬ್ದವನ್ನು ಸೇರಿಸಿದ ಮೇಲೆ 400 ಬಂದಿತು. ಮಾಮೂಲಾಗಿ ಕಥೆ ಅಲ್ಲಿಗೆ ಮುಗಿಯುತ್ತದೆ. ಅವಳದು ಮುಗಿಯಲಿಲ್ಲ. "ಸಂಖ್ಯೆಯ ಬದಲು ಯಾರಾದರೂ ಅಕ್ಷರ ಹಾಕಿದರೆ?" ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡು, 'ನೂರೆಂಬತ್ತು' ಎಂದು ಕನ್ನಡದಲ್ಲಿ ಬರೆದಳು, 'ವ್ಯಾಲ್ಯೂ ಎರರ್' ಎಂದು ಕೆಂಪು ಸಾಲುಗಳು ಬಂದವು. ಈ ಸಲ ಅವಳ ಮುಖ ಬಾಡಲಿಲ್ಲ, ಏಕೆಂದರೆ ಈ ತಪ್ಪನ್ನು ಅವಳೇ ಕರೆದಿದ್ದಳು. ಇಂಥ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕಟ್ಟಕಡೆಯ ಸಾಲಿನಲ್ಲಿ ತಪ್ಪಿನ ಜಾತಿಯೂ ಅದರ ಮೇಲಿನವುಗಳಲ್ಲಿ ಅದು ನಡೆದ ಸಾಲಿನ ಸಂಖ್ಯೆಯೂ ಇರುತ್ತದೆ ಎಂಬುದನ್ನು ಆಗ ತೋರಿಸಿಕೊಟ್ಟೆ. ಆಮೇಲೆ ಅವಳು ಕನ್ನಡದ ಅಂಕಿಗಳಲ್ಲಿ ೧೮೦ ಎಂದು ಬರೆದು, ಇನ್ನೊಂದು ತಪ್ಪನ್ನು ನಿರೀಕ್ಷಿಸುತ್ತ ಕುಳಿತಳು. ತಪ್ಪು ಬರಲಿಲ್ಲ, ಯಂತ್ರ ಅದನ್ನು ಸಂಖ್ಯೆಯೆಂದೇ ಒಪ್ಪಿ ಲೆಕ್ಕ ಸರಿಯಾಗಿ ಕೂಡಿತು. ಪೈಥಾನ್ ಭಾಷೆಯನ್ನು ರಚಿಸಿದವರು ಜಗತ್ತಿನ ಬೇರೆ ಬೇರೆ ಲಿಪಿಗಳ ದಶಮಾನದ ಅಂಕಿಗಳಿಗೆಲ್ಲ ಅದರಲ್ಲಿ ಎಡೆಮಾಡಿಕೊಟ್ಟಿದ್ದಾರೆ. ತನ್ನ ಅಜ್ಜನ ಲೆಕ್ಕದ ಪುಸ್ತಕದ ಅಂಕಿಗಳನ್ನು ಯಂತ್ರ ಓದಿತೆಂಬುದರಲ್ಲಿ ಆ ಹುಡುಗಿಗೆ ಉಂಟಾದ ಸಂತೋಷವನ್ನು ಯಾವ ಪರೀಕ್ಷೆಯ ಅಂಕವೂ ಉಂಟುಮಾಡಲಾರದು. ಅರ್ಧ ಗಂಟೆಯ ಹಿಂದೆ "ನನಗೆ ಬರೋದಿಲ್ಲ" ಎಂದವಳಲ್ಲಿ ಅಷ್ಟರೊಳಗೆ ಬುದ್ಧಿಶಕ್ತಿಯೇನೂ ಬೆಳೆದಿರಲಿಲ್ಲ. ಪ್ರಶ್ನೆ ಮಾತ್ರ 'ನಾನು ಎಂಥವಳು' ಎಂಬಲ್ಲಿಂದ 'ಇದು ಹೇಗೆ ನಡೆಯುತ್ತದೆ' ಎಂಬಲ್ಲಿಗೆ ಸರಿದಿತ್ತು.

ಮನಶ್ಶಾಸ್ತ್ರಜ್ಞರು ಇದನ್ನು ಪರಿಶೀಲಿಸದೆ ಬಿಟ್ಟಿಲ್ಲ. ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ವಿದುಷಿ, ಬುದ್ಧಿಯನ್ನು ಹುಟ್ಟಿನೊಡನೆ ಬಂದ ಸ್ಥಿರವಾದ ಆಸ್ತಿಯೆಂದು ತಿಳಿದವರಿಗೂ, ಕೃಷಿಯಿಂದ ಬೆಳೆಯತಕ್ಕುದೆಂದು ತಿಳಿದವರಿಗೂ ಕಷ್ಟದ ಮುಂದೆ ನಡತೆಯಲ್ಲಿ ವ್ಯತ್ಯಾಸವುಂಟೆಂದು ಪ್ರತಿಪಾದಿಸಿದವರು. 2006ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದಲೇ 'ಮೈಂಡ್‌ಸೆಟ್' ಎಂಬ ಮಾತು ನಮ್ಮ ಕಾಲೇಜುಗಳ ತರಬೇತಿ ತರಗತಿಗಳವರೆಗೆ ಹರಿದುಬಂದದ್ದು. ಅವರೂ ಕ್ಲಾಡಿಯಾ ಮ್ಯೂಲರ್ ಎಂಬವರೂ ಕೂಡಿ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಕೆಲಸವನ್ನು ಚೆನ್ನಾಗಿ ಮಾಡಿದ ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರನ್ನು ಜಾಣರೆಂದೂ ಕೆಲವರನ್ನು ಶ್ರಮಪಟ್ಟವರೆಂದೂ ಹೊಗಳಲಾಯಿತು. ಮುಂದೆ ಕಷ್ಟವಾದ ಲೆಕ್ಕಗಳು ಎದುರಾದಾಗ ಜಾಣರೆನಿಸಿಕೊಂಡವರೇ ಬೇಗ ಉತ್ಸಾಹ ಕಳೆದುಕೊಂಡರು, ಮತ್ತು ತಮಗೆ ಬಂದ ಅಂಕಗಳನ್ನು ಇತರರಿಗೆ ತಿಳಿಸುವಾಗ ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. "ನಮ್ಮ ಹುಡುಗ ಬಹಳ ಬುದ್ಧಿವಂತ, ಕ್ಲಾಸಿಗೇ ಫಸ್ಟು" ಎಂಬ ಹೊಗಳಿಕೆಯಲ್ಲಿ ಬೆಳೆದು ಬಂದವನು ಮೊದಲನೆಯ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ನಪಾಸಾಗಿ ಅರಿಯರ್ ಬಿದ್ದೊಡನೆ ಏಕೆ ಕುಸಿದುಹೋಗುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮನೋಭಾವವೊಂದನ್ನು ಬದಲಾಯಿಸಿಕೊಂಡರೆ ಸಕಲವೂ ಸಿದ್ಧಿಸುತ್ತದೆಂದು ವೇದಿಕೆಗಳ ಮೇಲೆ ಸಾರುವವರುಂಟು; ಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ, ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳನ್ನು ಕುರಿತ ವ್ಯಾಪಕವಾದ ಅಧ್ಯಯನದಲ್ಲಿ, ಬುದ್ಧಿ ಬೆಳೆಯತಕ್ಕುದೆಂಬುದನ್ನು ಒಂದು ಗಂಟೆಗೂ ಕಡಮೆ ಅವಧಿಯ ಪಾಠದಿಂದ ತಿಳಿಸಿಕೊಟ್ಟಾಗ, ಹಿಂದೆ ಬಿದ್ದಿದ್ದ ವಿದ್ಯಾರ್ಥಿಗಳ ಅಂಕಗಳಲ್ಲಿ ಉಂಟಾದ ಏರಿಕೆ ಅಲ್ಪವಾದುದು. ಅದೂ, ಕಷ್ಟದ ಕೆಲಸಕ್ಕೆ ಕೈಹಾಕುವುದು ಮರ್ಯಾದೆಯೆಂದು ಓರಗೆಯವರು ಭಾವಿಸುವ ಶಾಲೆಗಳಲ್ಲಿ ಮಾತ್ರ ಚೆನ್ನಾಗಿ ನಿಂತಿತು. ನನಗೆ ಈ ಎರಡನೆಯ ಅಂಶವೇ ಮುಖ್ಯವೆಂದು ತೋರುತ್ತದೆ. ವಿದ್ಯಾರ್ಥಿಯೊಬ್ಬನ ಮನಸ್ಸನ್ನು ಮಾತ್ರ ತಿದ್ದಿ, ಅವನ ಸುತ್ತಣ ತರಗತಿ ತಪ್ಪನ್ನು ಕಂಡು ನಗುವಂತೆಯೇ ಉಳಿದರೆ, ಆ ತಿದ್ದಿದ ಮನಸ್ಸು ಎಷ್ಟು ದಿನ ನಿಂತೀತು?

ತಪ್ಪನ್ನು ಕಂಡು ನಗದ ಒಂದು ಸ್ಥಳ ನಮ್ಮ ಊರಿನಲ್ಲಿಯೇ ಇದೆ. ಅದರಿಂದ ಕಾಲೇಜಿನವರು ಕಲಿಯಬೇಕಾದುದು ಬಹಳವಿದೆ. ಹೊಸೂರಿನ ಸಿಪ್‌ಕಾಟಿನ ಸುತ್ತಮುತ್ತ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಕಡೆದುಕೊಡುವ ಸಣ್ಣ ಸಣ್ಣ ವರ್ಕ್‌ಶಾಪುಗಳು ಅಸಂಖ್ಯಾತವಾಗಿವೆ. ಅಲ್ಲಿ ಸಿ.ಎನ್.ಸಿ. ಯಂತ್ರದ ಮುಂದೆ ನಿಲ್ಲುವ ಸೆಟ್ಟರನು, ಎಷ್ಟೋ ಸಲ ಹತ್ತನೆಯ ತರಗತಿಯನ್ನೋ ಐ.ಟಿ.ಐ.ಯನ್ನೋ ಮುಗಿಸಿ ಬಂದವನು, ದಿನವೂ ಮಾಡುವುದು ಪ್ರೋಗ್ರಾಮಿನ ಕೆಲಸವೇ. ಜಿ00 ಎಂದು ಬರೆದರೆ ಉಳಿ ವೇಗವಾಗಿ ಸರಿಯುತ್ತದೆ, ಜಿ01 ಎಂದರೆ ಗೊತ್ತುಮಾಡಿದ ವೇಗದಲ್ಲಿ ನೇರವಾಗಿ ಲೋಹವನ್ನು ಕೊರೆಯುತ್ತ ಹೋಗುತ್ತದೆ, ಎಂ30 ಎಂದರೆ ಪ್ರೋಗ್ರಾಮು ಮುಗಿಯಿತು. ಹೊಸ ಕೆಲಸ ಬಂದಾಗ ಅವನು ಮೊದಲು ಒಂದು ಪೀಸನ್ನು ಮಾತ್ರ ಕಡೆದು, ಮೈಕ್ರೋಮೀಟರಿನಿಂದ ಅಳೆಯುತ್ತಾನೆ. 25 ಮಿಲಿಮೀಟರಿರಬೇಕಾದ ವ್ಯಾಸ 25.04 ಬಂದಿತೆಂದು ಇಟ್ಟುಕೊಳ್ಳೋಣ. ಯಾರೂ ಅವನನ್ನು ದಡ್ಡನೆನ್ನುವುದಿಲ್ಲ, ಅವನೂ ತನ್ನ ಹಣೆಬರಹವನ್ನು ಹಳಿದುಕೊಳ್ಳುವುದಿಲ್ಲ. ಟೂಲ್ ಆಫ್‌ಸೆಟ್ಟಿನಲ್ಲಿ ಆ 0.04ನ್ನು ಸರಿದೂಗಿಸಿ, ಇನ್ನೊಂದು ಪೀಸನ್ನು ಹಾಕಿ, ಮತ್ತೆ ಅಳೆಯುತ್ತಾನೆ. ಮೊದಲ ಪೀಸು ಇರುವುದೇ ಅಳೆಯುವುದಕ್ಕೆ. ಈ ಸೆಟ್ಟರರ ಮಕ್ಕಳೇ ಇಂದು ನಮ್ಮ ಕಾಲೇಜುಗಳ ಗಣಕ ವಿಭಾಗಗಳಲ್ಲಿ ಕುಳಿತು, ಮೊದಲ ಸಲಕ್ಕೇ ಪ್ರೋಗ್ರಾಮು ನಡೆಯಲಿಲ್ಲವೆಂದು ಕಣ್ಣೀರು ಹಾಕುತ್ತಿದ್ದಾರೆ. ಅವರು ಹೊಸ ಮನೋಭಾವಕ್ಕಾಗಿ ದೂರದ ದೇಶದ ಪುಸ್ತಕಗಳನ್ನು ಹುಡುಕಬೇಕಾಗಿಲ್ಲ, ಸಂಜೆ ಪಾಳಿ ಮುಗಿಸಿ ಬಂದ ಅಪ್ಪನನ್ನು, "ಇವತ್ತು ಫಸ್ಟ್ ಪೀಸು ಹೇಗೆ ಬಂತಪ್ಪಾ?" ಎಂದು ಕೇಳಿದರೆ ಸಾಕು.

ಭಾಷೆಯ ಮಾತನ್ನು ಇನ್ನು ಹೇಳಬೇಕು, ಏಕೆಂದರೆ ಅದೇ ದೊಡ್ಡ ಅಡ್ಡಿಯೆಂದು ಕಾಗದ ಬರೆಯುವವರಲ್ಲಿ ಹಲವರ ನಂಬಿಕೆ. ನಮ್ಮ ಮಕ್ಕಳ ಮನೆಯ ಮಾತು ಕನ್ನಡವೋ ತೆಲುಗೋ. 2006ರ ತಮಿಳು ಕಲಿಕೆಯ ಕಾನೂನು ಹಂತಹಂತವಾಗಿ ಜಾರಿಗೆ ಬಂದ ಮೇಲೆ ಶಾಲೆಯಲ್ಲಿ ಎಲ್ಲರಿಗೂ ತಮಿಳು ಕಡ್ಡಾಯ. ಕಾಲೇಜಿನ ಪುಸ್ತಕ ಇಂಗ್ಲಿಷು. ಮಾತೃಭಾಷೆಯ ಶಿಕ್ಷಣಕ್ಕೆ ಇದರಿಂದ ಆದ ನಷ್ಟ ನನಗೆ ನೋವಿನ ವಿಷಯ. ಅದನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುವೆನು. ಆದರೆ ಮೂರು ಭಾಷೆಗಳ ನಡುವೆ ಬೆಳೆದ ಮಗುವಿಗೆ ನಾಲ್ಕನೆಯದಾದ ಯಂತ್ರದ ಭಾಷೆ ಹೆದರಿಕೆಯನ್ನು ತರಬೇಕಾದ ಕಾರಣವಿಲ್ಲ. ಒಂದು ವಿಚಾರವನ್ನು ಮನೆಯಲ್ಲಿ ಒಂದು ರೀತಿ, ಅಂಗಡಿಯಲ್ಲಿ ಒಂದು ರೀತಿ, ತರಗತಿಯಲ್ಲಿ ಒಂದು ರೀತಿ ಹೇಳಬೇಕೆಂಬುದು ಅದಕ್ಕೆ ನಡೆದಾಡಲು ಕಲಿತಷ್ಟೇ ಸಹಜವಾಗಿ ಬಂದಿರುತ್ತದೆ.

ಅಷ್ಟೇ ಅಲ್ಲ, ಸ್ವಂತ ಭಾಷೆಯನ್ನು ಯಂತ್ರದೊಳಗೆ ಒಯ್ದು ನೋಡುವವನಿಗೆ ಪಠ್ಯಪುಸ್ತಕ ತೋರಿಸದ ವಿಷಯಗಳು ಕಾಣುತ್ತವೆ. 'ಹೊಸೂರು' ಎಂಬ ಹೆಸರನ್ನು ಕೊಟ್ಟು ಅದರಲ್ಲಿ ಎಷ್ಟು ಅಕ್ಷರವಿದೆಯೆಂದು ಪೈಥಾನಿನ 'ಲೆನ್' ಆದೇಶದಿಂದ ಕೇಳಿನೋಡಿ. ನಾವು ಎಣಿಸಿದರೆ ಮೂರು. ಯಂತ್ರ ಹೇಳುವುದು ಆರು. ಹಕಾರ ಒಂದು, ಅದರ ಒತ್ವ ಒಂದು, ಸಕಾರ ಒಂದು, ಅದರ ದೀರ್ಘದ ಕೊಂಬು ಒಂದು, ರಕಾರ ಒಂದು, ಅದರ ಕೊಂಬು ಒಂದು, ಹೀಗೆ ಯೂನಿಕೋಡ್ ಸಂಕೇತದಲ್ಲಿ ವ್ಯಂಜನವೂ ಸ್ವರಚಿಹ್ನೆಯೂ ಬೇರೆಬೇರೆಯಾಗಿ ಕುಳಿತಿವೆ. ಇದೇ ತತ್ತ್ವವನ್ನು ಯೂನಿಕೋಡಿಗೂ ಮುಂಚೆ ಕಂಡುಕೊಂಡು ಕನ್ನಡದ ಕೀಲಿಮಣೆಯನ್ನು ರೂಪಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ನೂರಾರು ಅಕ್ಷರರೂಪಗಳಿಗೆ ನೂರಾರು ಕೀಲಿಗಳೆಲ್ಲಿ ಎಂದು ಇತರರು ಚಿಂತಿಸುತ್ತಿದ್ದಾಗ, ಅವರು ಕಾಗುಣಿತದ ಕ್ರಮವನ್ನೇ ಹಿಡಿದು, ವ್ಯಂಜನದ ಕೀಲಿಯ ಮೇಲೆ ಸ್ವರದ ಕೀಲಿ, ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್' ಕೀಲಿ ಎಂಬ ಸರಳ ಏರ್ಪಾಟಿನಿಂದ, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಇಡೀ ಕನ್ನಡವನ್ನು ಅಡಗಿಸಿದರು. ಅದನ್ನು ಉಚಿತವಾಗಿಯೇ ನಾಡಿಗೆ ಕೊಟ್ಟರು. ಕರ್ನಾಟಕ ಸರ್ಕಾರ ಮುಂದೆ ಅದನ್ನೇ ಅಧಿಕೃತ ವಿನ್ಯಾಸವಾಗಿ ಅಂಗೀಕರಿಸಿತು. ಅವರನ್ನು ಆ ಕೆಲಸಕ್ಕೆ ಒಯ್ದದ್ದು ಮುದ್ರಣ ಮತ್ತು ಅಕ್ಷರಜೋಡಣೆಗಳ ಒಡನಾಟ ಹಾಗೂ ತಮ್ಮ ನುಡಿಯ ಕಾಗುಣಿತದ ಮೇಲಿನ ಆಸ್ಥೆ. ಚಿಕ್ಕಂದಿನಲ್ಲಿ ಕಾಗುಣಿತ ಬರೆದ ನಮ್ಮ ಗಡಿಯ ಮಗುವಿಗೆ ಆ ಬಂಡವಾಳ ಇಲ್ಲವೆನ್ನುವವರು ಯಾರು?

ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಕೇಳಿದೊಡನೆ ಪ್ರೋಗ್ರಾಮನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಎಲ್ಲರ ಮೊಬೈಲಿನಲ್ಲಿಯೂ ಇರುವಾಗ, ಇಷ್ಟೆಲ್ಲ ತಡಕಾಡುವುದೇತಕ್ಕೆ? ಆ ಸಾಧನಗಳನ್ನು ದೂರವಿಡಿರೆಂದು ನಾನು ಹೇಳೆನು. ಹೇಳಿದರೂ ಯಾರೂ ಕೇಳರು, ಕೇಳಬೇಕಾಗಿಯೂ ಇಲ್ಲ. ಆದರೆ ಕೆಂಪು ಸಾಲು ಬಂದೊಡನೆ ಅದನ್ನು ಓದದೆಯೇ ಹಾಗೆಯೇ ತೆಗೆದು ಆ ಸಾಧನದ ಬಾಯಿಗೆ ಹಾಕಿ, ಅದು ಕೊಟ್ಟುದನ್ನು ಮತ್ತೆ ಓದದೆಯೇ ತಂದು ಅಂಟಿಸುವ ಅಭ್ಯಾಸ ಅತ್ಯಂತ ಅಪಾಯಕರವಾದುದು. ಏಕೆಂದರೆ ಆ ಸಾಧನವೂ ತಪ್ಪುತ್ತದೆ, ಅದೂ 180220ರಂತೆ ಕೆಂಪು ಸಾಲಿಲ್ಲದೆ, ಗಾಂಭೀರ್ಯದಿಂದ ತಪ್ಪುತ್ತದೆ. ಉತ್ತರ 400 ಎಂದು ಬಲ್ಲವನಿಗೆ ಮಾತ್ರ ಅದು ತಪ್ಪೆಂದು ಕಾಣುವುದು. ಮೊದಲು ತಾನು ಓದಿ, ಕಾರಣ ಇದಿರಬಹುದೆಂದು ಒಂದು ಸಾಲು ಬರೆದಿಟ್ಟು, ಆಮೇಲೆ ಸಾಧನವನ್ನು ಕೇಳಿ, ಎರಡನ್ನೂ ಹೋಲಿಸಿನೋಡುವ ವಿದ್ಯಾರ್ಥಿಗೆ ಅದೇ ಸಾಧನ ಉತ್ತಮ ಗುರುವಾಗಬಲ್ಲುದು. ಕೆಲಸ ಕೊಡುವವರು ಮುಂದಿನ ದಿನಗಳಲ್ಲಿ ಹುಡುಕುವುದೂ ಇಂಥವರನ್ನೇ ಎಂದು ನನ್ನ ಎಣಿಕೆ.

ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹವುಂಟು. ಮಗ ಒಂದು ಪೇಪರಿನಲ್ಲಿ ಅರಿಯರ್ ಇಟ್ಟುಕೊಂಡು ಮನೆಗೆ ಬಂದಾಗ, ಪಕ್ಕದ ಮನೆಯವರ ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಾದುದನ್ನು ಆ ಸಂಜೆ ಎತ್ತಬೇಡಿ. ಯಾವ ಭಾಗ ತಿಳಿಯಲಿಲ್ಲ, ಅದನ್ನು ಬಲ್ಲ ಗೆಳೆಯ ಯಾರು, ಅವನ ಜೊತೆ ಕುಳಿತು ಓದಲು ಮನೆಯಲ್ಲಿ ಜಾಗ ಮಾಡಿಕೊಡಲೇ ಎಂದು ಕೇಳಿ. ಆ ಪಾಠದ ಒಂದು ಅಕ್ಷರವೂ ನಿಮಗೆ ಗೊತ್ತಿಲ್ಲದಿದ್ದರೂ ಈ ಮೂರು ಪ್ರಶ್ನೆಗಳನ್ನು ಕೇಳಬಹುದು.

ಉಪನ್ಯಾಸಕ ಮಿತ್ರರಲ್ಲಿ ಇನ್ನೊಂದು ಬಿನ್ನಹ. ಹೊಸೂರು, ಬರಗೂರು, ಕೃಷ್ಣಗಿರಿಗಳ ಕಾಲೇಜುಗಳಲ್ಲಿ ಗಣಕವನ್ನು ಬೋಧಿಸುವ ನಿಮ್ಮಲ್ಲಿ ಬಹು ಮಂದಿ ನಮ್ಮ ಹಳ್ಳಿಗಳಿಂದಲೇ ಮೇಲೆ ಬಂದವರು. ಮೊದಲ ಕೆಂಪು ಸಾಲಿನ ಮುಂದೆ ಕೈ ನಡುಗಿದುದರ ನೆನಪು ನಿಮಗಿದ್ದೇ ಇದೆ. ಮುಂದಿನ ಸೆಮಿಸ್ಟರಿನಿಂದ, ರೆಕಾರ್ಡ್ ನೋಟಿನ ಎಡಗಡೆಯ ಬಿಳಿಯ ಪುಟದಲ್ಲಿ, ಸರಿಯಾದ ಫಲಿತಾಂಶದ ಮೇಲುಗಡೆ, ಆ ಪ್ರಯೋಗದಲ್ಲಿ ಮೊದಲು ಬಂದ ತಪ್ಪು ಯಾವುದು, ಅದರ ಕಾರಣವೇನು, ಯಾರ ನೆರವಿನಿಂದ ಅಥವಾ ಯಾವ ಯೋಚನೆಯಿಂದ ಅದು ತಿಳಿಯಿತು ಎಂಬ ಮೂರು ಸಾಲುಗಳನ್ನು ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. ಹಾಗೆ ಬರೆದವರ ಅಂಕ ಕಳೆಯಬೇಡಿ. ಬರೆಯದೆ ಬಿಟ್ಟವರನ್ನು, ಏಕೆ ಬಿಟ್ಟೆಯೆಂದು ಪ್ರೀತಿಯಿಂದ ವಿಚಾರಿಸಿ. ಆ ಪುಟ ಹೇಗೂ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿಯೇ ಇರುತ್ತದೆ, ಮೂರು ಸಾಲಿಗೆ ಅಲ್ಲಿ ಧಾರಾಳವಾಗಿ ಸ್ಥಳವಿದೆ.